ಎಲ್ಕ್ ಬೇಟೆಗೆ ಹಗುರ ಚಾಕು: ಆರಿಸುವ ಕ್ರಮ, ಪರೀಕ್ಷಿಸುವ ಕ್ರಮ

ಕೊಲೊರಾಡೊ, ಮೊಂಟಾನಾ, ಐಡಹೊ ಕಡೆಯ ರಾಕಿ ಪರ್ವತಗಳಲ್ಲಿ ಎಲ್ಕ್ ಬೇಟೆಗೆ ಹೋಗುವವರು ಗಾಡಿ ನಿಲ್ಲಿಸಿದಲ್ಲಿಂದ ಎಂಟು ಹತ್ತು ಕಿಲೋಮೀಟರ್ ಒಳಗೆ ನಡೆಯುವುದು ಮಾಮೂಲು. ಡೇರೆ, ಊಟ, ಬಿಲ್ಲು ಅಥವಾ ಬಂದೂಕು, ಎಲ್ಲವೂ ಬೆನ್ನ ಮೇಲೆ. ಹಾಗಾಗಿ ಪ್ರತಿ ಸಾಮಾನನ್ನೂ ತಕ್ಕಡಿಗೆ ಹಾಕಿ ನೋಡುವ ಚಟ ಬೇಗ ಅಂಟಿಕೊಳ್ಳುತ್ತದೆ. ಚಾಕುವೂ ಆ ಲೆಕ್ಕಕ್ಕೆ ಬರುತ್ತದೆ, ತಪ್ಪೇನಿಲ್ಲ. ಆದರೆ ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತಲೂ ದೊಡ್ಡ ಪ್ರಾಣಿ. ಬೆಳೆದ ಗಂಡು ಸುಮಾರು 300 ಕೆ.ಜಿ. ತೂಗುತ್ತದೆ. ಮೂಳೆ ಬಿಡಿಸಿದ ಮಾಂಸವೇ 90ರಿಂದ 110 ಕೆ.ಜಿ. ಆದೀತು. ಅದನ್ನು ಒಬ್ಬರೋ ಇಬ್ಬರೋ ಸೇರಿ, ಹೆಚ್ಚಿನ ಸಲ ಕತ್ತಲಾದ ಮೇಲೆ, ಇಳಿಜಾರಿನಲ್ಲಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಎರಡು ಮೂರು ಗಂಟೆ ಕೂತು ಬಿಡಿಸಬೇಕು. ಇಪ್ಪತ್ತು ಗ್ರಾಂ ಉಳಿಸಲು ಹೋಗಿ ಆ ಮೂರು ಗಂಟೆಯನ್ನು ಐದು ಗಂಟೆ ಮಾಡಿಕೊಂಡರೆ ಉಳಿತಾಯ ಎಲ್ಲಿ ಬಂತು?

ತೂಕವನ್ನು ಅಲಗಿನ ದಪ್ಪದಲ್ಲಿ ಇಳಿಸಿ, ಒರೆಯಲ್ಲಿ ಇಳಿಸಿ, ಮಸೆಯುವ ಸಾಮಾನಿನಲ್ಲಿ ಇಳಿಸಿ. ಹಿಡಿಯಲ್ಲಿ ಮಾತ್ರ ಇಳಿಸಬೇಡಿ. ಮುಂದೆ ಹೇಳುವುದೆಲ್ಲ ಇದರ ವಿವರ.

ಇದು ಅಮೆರಿಕದಲ್ಲಿ ಪರವಾನಗಿ, ಟ್ಯಾಗ್ (ಬೇಟೆಯಾಡಿದ ಪ್ರಾಣಿಗೆ ಕಟ್ಟುವ ಅನುಮತಿ ಚೀಟಿ) ಪಡೆದು ಹೋಗುವವರಿಗೆ ಬರೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಬೇಟೆಗೆ ಅವಕಾಶ ಕೊಡುವುದಿಲ್ಲ.

## ಹಂತ 1: ಚಾಕು ಮಾಡಬೇಕಾದ ಕೆಲಸ ತಿಳಿದುಕೊಳ್ಳಿ

ದೂರದ ಕಾಡಿನಲ್ಲಿ ಎಲ್ಕ್ ಬಿಡಿಸುವವರು ಈಗ ಹೆಚ್ಚಾಗಿ ಹೊಟ್ಟೆ ಬಗೆಯದ ಕ್ರಮವನ್ನೇ ಅನುಸರಿಸುತ್ತಾರೆ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಲದ ಬುಡದಿಂದ ಕತ್ತಿನವರೆಗೆ ಬೆನ್ನೆಲುಬಿನ ಗುಂಟ ತೊಗಲು ಸೀಳಿ, ಹೊಟ್ಟೆಯ ಕಡೆಗೆ ಸುಲಿಯುತ್ತಾ ಹೋಗುವುದು. ಆಮೇಲೆ ಮುಂಗಾಲು, ಬೆನ್ನಿನ ಉದ್ದನೆಯ ಮಾಂಸ, ಹಿಂದೊಡೆ, ಕತ್ತು, ಪಕ್ಕೆಲುಬಿನ ನಡುವಿನದು. ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣದಾಗಿ ಸೀಳಿ, ಕೈ ಒಳಗೆ ಹಾಕಿ ಒಳ ಬೆನ್ನಿನ ಮೃದು ಮಾಂಸ ತೆಗೆಯುವುದು. ಮತ್ತೆ ಮಗ್ಗುಲು ತಿರುಗಿಸಿ ಅದೇ ಕೆಲಸ.

ಇದರಲ್ಲಿ ಚಾಕುವಿನ ಪಾಲು ಏನು ಎಂದು ಬಿಡಿಸಿ ನೋಡಿ. ಮುಂಗಾಲಿಗೂ ಮೈಗೂ ನಡುವೆ ಮೂಳೆಯ ಕೀಲೇ ಇಲ್ಲ, ಹೆಗಲ ಮೂಳೆ ಬರೀ ಸ್ನಾಯುವಿನ ಮೇಲೆ ನಿಂತಿದೆ. ಕಾಲನ್ನು ಮೇಲಕ್ಕೆ ಎತ್ತಿ ಹಿಡಿದರೆ ಹರಿತವಾದ ಯಾವ ಚಾಕುವಾದರೂ ನಾಲ್ಕೈದು ಎಳೆತದಲ್ಲಿ ಬಿಡಿಸುತ್ತದೆ. ಹಿಂದೊಡೆಯಲ್ಲಿ ಗುಂಡು ಮತ್ತು ಬಟ್ಟಲಿನ ಕೀಲಿದೆ. ಅದರೊಳಗಿನ ಗಟ್ಟಿ ಅಸ್ಥಿಬಂಧವನ್ನು ಚಾಕುವಿನ ಮೊನೆಯಿಂದಲೇ ಕೊಯ್ಯಬೇಕು, ಮೀಟಬಾರದು. ಮೊಣಕಾಲಿನ ಕೆಳಗಿನ ಕೀಲುಗಳಿಗೂ ಇದೇ ಮಾತು. ಗರಗಸ ಬೇಕಾಗುವುದು ಕೊಂಬನ್ನು ತಲೆಬುರುಡೆಯ ಚಿಪ್ಪಿನ ಸಮೇತ ಕತ್ತರಿಸುವಾಗ ಮಾತ್ರ. ಕೊಡಲಿಯಂತೂ ಬೇಡವೇ ಬೇಡ.

ಚಾಕು ಮೊಂಡಾಗುವುದು ಮಾಂಸದಿಂದಲ್ಲ. ಕೂದಲು, ಮಣ್ಣು, ಮೂಳೆಯಿಂದ. ಸೆಪ್ಟೆಂಬರಿನ ಬೆದೆಗಾಲದಲ್ಲಿ ಗಂಡು ಎಲ್ಕ್ ಕೆಸರಿನ ಹೊಂಡದಲ್ಲಿ ಹೊರಳಾಡಿ ಬಂದಿರುತ್ತದೆ. ಆ ಕೆಸರು ಕೂದಲ ಬುಡದಲ್ಲಿ ಒಣಗಿ ಕೂತಿದ್ದರೆ ತೊಗಲನ್ನು ಹೊರಗಿನಿಂದ ಕೊಯ್ದ ಪ್ರತಿ ಅಡಿಯೂ ಮರಳು ಕಾಗದದ ಮೇಲೆ ಅಲಗು ಎಳೆದ ಹಾಗೆ. ಮೊದಲ ಸೀಳಿಗೆ ಮೊನೆ ತೂರಿಸಿದ ಮೇಲೆ ಅಲಗಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ, ತೊಗಲಿನ ಒಳಗಿನಿಂದ ಹೊರಕ್ಕೆ ಕೊಯ್ಯಬೇಕು. ಕೂದಲು ಕತ್ತರಿಸಿಹೋಗುವುದಿಲ್ಲ, ಎರಡು ಕಡೆಗೆ ಬೇರ್ಪಡುತ್ತದೆ. ಮಾಂಸಕ್ಕೂ ಕೂದಲು ಅಂಟುವುದಿಲ್ಲ. ಯಾವ ಉಕ್ಕು ಕೊಂಡಿರಿ ಎನ್ನುವುದಕ್ಕಿಂತ ಈ ಒಂದು ಅಭ್ಯಾಸ ಅಂಚನ್ನು ಹೆಚ್ಚು ಹೊತ್ತು ಉಳಿಸುತ್ತದೆ.

ಹೋಗುವ ರಾಜ್ಯದ ನಿಯಮವನ್ನೂ ಈ ಹಂತದಲ್ಲೇ ಓದಿ. ಕೊಲೊರಾಡೊದಲ್ಲಿ ಗಂಡೋ ಹೆಣ್ಣೋ ಎಂಬುದರ ಗುರುತು ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು. ಹಾಗಾಗಿ ಹಿಂದೊಡೆಯ ಆ ಭಾಗದಲ್ಲಿ ನಾಜೂಕಾಗಿ ಆಡುವ ಸಣ್ಣ ಮೊನೆ ಬೇಕು. ಅಲಾಸ್ಕಾದ ಕೆಲವು ಬೇಟೆ ಘಟಕಗಳಲ್ಲಿ ಮೂಸ್, ಕ್ಯಾರಿಬು ಎಂಬ ದೊಡ್ಡ ಜಿಂಕೆಗಳ ಮಾಂಸವನ್ನು ಮೂಳೆಯ ಮೇಲೇ ಹೊತ್ತು ತರಬೇಕು. ಅಲ್ಲಿ ಮೂಳೆ ಬಿಡಿಸುವ ಕೆಲಸ ಕಡಿಮೆ, ಕೀಲು ಬಿಡಿಸುವ ಕೆಲಸ ಹೆಚ್ಚು.

## ಹಂತ 2: ಚಾಕುವನ್ನಲ್ಲ, ಇಡೀ ಕಟ್ಟನ್ನು ತೂಗಿ

ಕಂಪನಿಗಳು ಜಾಹೀರಾತಿನಲ್ಲಿ ಹೇಳುವುದು ಬರೀ ಚಾಕುವಿನ ತೂಕ. ಬೆಂಚ್‌ಮೇಡ್ ಕಂಪನಿಯವರ ಆಲ್ಟಿಟ್ಯೂಡ್ ಚಾಕು 1.67 ಔನ್ಸ್, ಅಂದರೆ 47 ಗ್ರಾಂ ಎಂದು ಪ್ರಸಿದ್ಧಿ. ಆದರೆ ನೀವು ಹೊರುವುದು ಚಾಕು, ಒರೆ, ಮಸೆಯುವ ಸಾಮಾನು ಅಥವಾ ಬದಲಿ ಅಲಗು, ಎಲ್ಲ ಸೇರಿದ್ದನ್ನು. ದಪ್ಪ ಚರ್ಮದ ಒರೆ ಒಂದೇ 80–100 ಗ್ರಾಂ ಇರುವುದುಂಟು. ಅದೂ ಸಾಲದೆಂದು ರಕ್ತ ಹೀರಿಕೊಂಡು ನಾತ ಹೊಡೆಯುತ್ತದೆ, ಒದ್ದೆಯಾದರೆ ಅಲಗಿಗೆ ತುಕ್ಕು ಹಿಡಿಸುತ್ತದೆ. ಕೈಡೆಕ್ಸ್ ಪ್ಲಾಸ್ಟಿಕ್ಕಿನದು 25–40 ಗ್ರಾಂ. ನೀರಲ್ಲಿ ಜಾಲಾಡಿಸಿ ಒದರಿದರೆ ಒಣಗಿತು. ಬೆಲ್ಟಿಗೆ ಸಿಕ್ಕಿಸುವ ಕೊಕ್ಕೆ ಬಿಚ್ಚಿ ಮನೆಯಲ್ಲೇ ಬಿಡಿ, ಚಾಕು ಚೀಲದೊಳಗೇ ಇರಲಿ.

ಕೋನ ತಪ್ಪದಂತೆ ನಡೆಸುವ ಪಟ್ಟಿ, ವಜ್ರದ ಪುಡಿ ಹಚ್ಚಿದ ಫಲಕ ಇರುವ ಮಸೆಯುವ ಸಾಧನಗಳು ಮನೆಗೆ ಬಹಳ ಚೆನ್ನ. ಬೆಟ್ಟಕ್ಕೆ ಒಯ್ದರೆ ಹಗುರ ಚಾಕುವಿಗಿಂತಲೂ ಅದರದೇ ಭಾರ. ಬೆರಳುದ್ದದ ಸಿರಾಮಿಕ್ ಕಡ್ಡಿ 15–20 ಗ್ರಾಂನಲ್ಲಿ ಮುಗಿಯುತ್ತದೆ.

ಒಬ್ಬರಿಗೆ ಒಂದು ಎಲ್ಕ್ ಎಂದಿಟ್ಟುಕೊಂಡರೆ ಹದವಾದ ಲೆಕ್ಕ ಹೀಗೆ: 60–80 ಗ್ರಾಂನ ಗಟ್ಟಿ (ಮಡಿಸಲು ಬಾರದ) ಚಾಕು, 30 ಗ್ರಾಂ ಒರೆ, 20 ಗ್ರಾಂ ಸಿರಾಮಿಕ್ ಕಡ್ಡಿ, ಎರಡು ಜೊತೆ ನೈಟ್ರೈಲ್ ಗ್ಲೌಸು. ಒಟ್ಟು 150 ಗ್ರಾಂ ಒಳಗೆ ಬಂದರೆ ಸಾಕು, ಇನ್ನೂ ಕೆರೆಯಲು ಹೋಗಬೇಡಿ. ಇದರ ಮೇಲೆ ಎರಡನೆಯ ಚಾಕುವಾಗಿ ವಿಕ್ಟೋರಿನಾಕ್ಸ್‌ನ ತರಕಾರಿ ಹೆಚ್ಚುವ 8 ಸೆಂ.ಮೀ. ಚಾಕುವನ್ನು ರಟ್ಟಿನ ಒರೆಯಲ್ಲಿ ಇಟ್ಟುಕೊಂಡರೆ ಇನ್ನೊಂದು 25–30 ಗ್ರಾಂ, ಅಷ್ಟೇ. ಒಂದು ತೊಗಲಿಗೆ, ಒಂದು ಮಾಂಸಕ್ಕೆ. ಈ ಪದ್ಧತಿಯಿಂದ ಮಾಂಸ ಚೊಕ್ಕಟವಾಗಿ ಉಳಿಯುತ್ತದೆ. ಕತ್ತಲಲ್ಲಿ ಒಂದು ಕಳೆದುಹೋದರೂ ಕೆಲಸ ನಿಲ್ಲುವುದಿಲ್ಲ.

## ಹಂತ 3: ಅಲಗು

ಉದ್ದ 75ರಿಂದ 90 ಮಿ.ಮೀ. ಇದಕ್ಕಿಂತ ಉದ್ದವಾದರೆ, ಕೈ ಒಳಗೆ ಹಾಕಿ ಕಣ್ಣಿಗೆ ಕಾಣದಲ್ಲಿ ಕೊಯ್ಯುವಾಗ ಮೊನೆ ಎಲ್ಲಿದೆ ಎಂದು ತಿಳಿಯುವುದಿಲ್ಲ. ತೋರುಬೆರಳನ್ನು ಬೆನ್ನಿನ ಮೇಲೆ ಚಾಚಿದರೆ ಬೆರಳ ತುದಿಯಿಂದ ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಮೊನೆ ಇರಬೇಕು. 60 ಮಿ.ಮೀ.ಗಿಂತ ಕಡಿಮೆಯಾದರೆ ತೊಡೆಯ ದಪ್ಪ ಸ್ನಾಯುಗಳಲ್ಲಿ ಒಂದೇ ಗೆರೆಯನ್ನು ಮೂರು ಸಲ ಕೊಯ್ಯಬೇಕಾಗುತ್ತದೆ.

ದಪ್ಪದಲ್ಲೇ ಹೆಚ್ಚಿನವರು ಮೋಸ ಹೋಗುವುದು. ಸೌದೆ ಸೀಳುವ ಕಾಡುಚಾಕುಗಳ ಬೆನ್ನು 4–5 ಮಿ.ಮೀ. ಇರುತ್ತದೆ. ನೋಡಲು ಗಟ್ಟಿ, ಕೊಯ್ಯಲು ಬೆಣೆ. ಎಲ್ಕ್ ಬಿಡಿಸಲು ಬೆನ್ನು 2ರಿಂದ 2.5 ಮಿ.ಮೀ. ಧಾರಾಳ. ಅದಕ್ಕಿಂತ ಮುಖ್ಯ, ಮಸೆದ ಅಂಚಿನ ತುಸು ಹಿಂದೆ ಅಲಗು ಎಷ್ಟು ದಪ್ಪ ಎನ್ನುವುದು. ಕ್ಯಾಲಿಪರಿನಲ್ಲಿ ಅಳೆದರೆ 0.4–0.5 ಮಿ.ಮೀ. ಬರಬೇಕು. 0.8 ದಾಟಿದರೆ, ಎಂಥ ದುಬಾರಿ ಉಕ್ಕಾದರೂ ಕೈಗೆ ಮೊಂಡು ಚಾಕುವಿನಂತೆಯೇ ಸಿಗುತ್ತದೆ. ತೆಳು ಅಲಗು ಅರ್ಧ ಮೊಂಡಾದ ಮೇಲೂ ಕೊಯ್ಯುತ್ತದೆ, ದಪ್ಪ ಅಲಗು ಹರಿತವಿದ್ದಾಗಲೂ ಒತ್ತು ಕೇಳುತ್ತದೆ. ಒತ್ತು ಹೆಚ್ಚಿದಷ್ಟೂ ಜಾರುವುದು ಹೆಚ್ಚು.

ಅಂಚಿನ ಕೋನ ಒಂದೊಂದು ಬದಿಗೆ 17–20 ಡಿಗ್ರಿ. 15ಕ್ಕೆ ಇಳಿಸಿದರೆ ಮಾಂಸದಲ್ಲಿ ಹಿತ, ಆದರೆ ಕೀಲಿನೊಳಗೆ ತಿರುಚಿದಾಗ ಅಂಚು ಮಡಚುತ್ತದೆ ಅಥವಾ ಚೂರು ಹಾರುತ್ತದೆ.

ಆಕಾರಕ್ಕೆ ಬೆನ್ನು ಮೆಲ್ಲಗೆ ಇಳಿದು ಮೊನೆ ಸೇರುವ ಡ್ರಾಪ್ ಪಾಯಿಂಟ್ ಸಾಕು. ಸುಲಿಯಲು ಮುಂಭಾಗದಲ್ಲಿ ಸ್ವಲ್ಪ ಬಾಗು ಇರಲಿ. ತುಂಬಾ ದುಂಡಗಿನ, ಸುಲಿಯುವುದಕ್ಕೇ ಮೀಸಲಾದ ಅಲಗು ಕೀಲಿನೊಳಗೆ ಹೋಗುವುದಿಲ್ಲ. ಬೆನ್ನ ಮೇಲೆ ಕೊಕ್ಕೆ ಇರುವ ಚಾಕು ಬೇಡ. ಹೊಟ್ಟೆ ಬಗೆಯುವುದೇ ಇಲ್ಲದಿದ್ದರೆ ಅದಕ್ಕೆ ಕೆಲಸವಿಲ್ಲ. ಕೂದಲು ಕಚ್ಚಿಕೊಳ್ಳುತ್ತದೆ, ಬೆಟ್ಟದ ಮೇಲೆ ಮಸೆಯಲಿಕ್ಕೂ ಬರುವುದಿಲ್ಲ. ಸಿರಾಮಿಕ್ ಅಲಗೂ ಬೇಡ, ಮೂಳೆಗೆ ತಾಗಿ ಒಂದು ಸಲ ತಿರುಚಿದರೆ ಎರಡು ತುಂಡು.

## ಹಂತ 4: ಉಕ್ಕು

ಇದರ ಮೇಲೆ ಜನ ರಾತ್ರಿಯೆಲ್ಲ ವಾದ ಮಾಡುತ್ತಾರೆ. ತಿಳಿಯಬೇಕಾದದ್ದು ಇಷ್ಟೇ.

ಅಂಚು ತುಂಬ ಹೊತ್ತು ಉಳಿಯುವ ಉಕ್ಕು ಮಸೆಯಲು ಕಷ್ಟ. ಎಸ್90ವಿ ಉಕ್ಕಿನಲ್ಲಿ ಸುಮಾರು ಶೇ. 9ರಷ್ಟು ವೆನೇಡಿಯಂ ಇದೆ. ಅದರ ಕಾರ್ಬೈಡ್ ಕಣಗಳು ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿ. ಒಂದು ಎಲ್ಕ್ ಮುಗಿಯುವವರೆಗೆ ಅಂಚು ನಿಂತೀತು. ಆದರೆ ನಡುವೆ ಹೋಯಿತೋ, ಸಿರಾಮಿಕ್ ಕಡ್ಡಿ ಅಂಚನ್ನು ಸವರಿ ಬಿಡುತ್ತದೆ, ಕಚ್ಚುವುದಿಲ್ಲ. ಅದಕ್ಕೆ ವಜ್ರದ ತೆಳು ಫಲಕವೇ ಬೇಕು.

ತದ್ವಿರುದ್ಧ ತುದಿಯಲ್ಲಿ ಬೇರಿಂಗ್ ಮಾಡುವ 52100 ಉಕ್ಕು. ಗಟ್ಟಿಮುಟ್ಟು, ನಾಲ್ಕು ಎಳೆತಕ್ಕೆ ಹರಿತ ಮರಳುತ್ತದೆ. ಆದರೆ ತುಕ್ಕು ಬೇಗ. ರಕ್ತ ಹತ್ತಿದ ಹಾಗೇ ರಾತ್ರಿ ಒರೆಯಲ್ಲಿಟ್ಟರೆ ಬೆಳಿಗ್ಗೆ ಅಂಚಿನಲ್ಲಿ ಕಂದು ಚುಕ್ಕೆ. ಮೋರಾ ಕಂಪನಿಯ ಕಂಪ್ಯಾನಿಯನ್ ಚಾಕುವಿನ 12ಸಿ27 ಸ್ಟೇನ್‌ಲೆಸ್ ನಡುವಿನದು. ಅಂಚು ಬೇಗ ಇಳಿದರೂ ಬೇಗ ಏರುತ್ತದೆ. 104 ಮಿ.ಮೀ. ಅಲಗು, 2.5 ಮಿ.ಮೀ. ದಪ್ಪ, ಒರೆ ಸಮೇತ ಸುಮಾರು 115 ಗ್ರಾಂ, ಬೆಲೆಯೂ ಕೈಗೆಟುಕುವಂಥದ್ದು. ಮೊದಲ ಸಲ ಹೋಗುವವರು ಇದನ್ನೇ ಒಯ್ದರೆ ನಾಚಿಕೆ ಪಡಬೇಕಾದ್ದಿಲ್ಲ. ನೂರಾರು ಡಾಲರಿನ ಎಷ್ಟೋ ಚಾಕುಗಳ ಹಿಡಿಗಿಂತ ಅದರ ರಬ್ಬರಿನ ಹಿಡಿಯೇ ವಾಸಿ.

ಹಣ ಹಾಕುವುದಾದರೆ ಮ್ಯಾಗ್ನಾಕಟ್. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ, 2021ರಲ್ಲಿ ಮಾರುಕಟ್ಟೆಗೆ ಬಂದ ಉಕ್ಕು ಇದು. ತುಕ್ಕು ತಡೆಯುವುದರಲ್ಲಿ ಒಳ್ಳೆಯ ಸ್ಟೇನ್‌ಲೆಸ್, ತೆಳುವಾಗಿ ಮಸೆದರೂ ಚೂರು ಹಾರದಷ್ಟು ಗಡಸು ಮತ್ತು ಬಿಗಿ. ಹಗುರ ಚಾಕುವಿಗೆ ಬೇಕಾದದ್ದೇ ತೆಳು ಅಂಚು, ಅದಕ್ಕೇ ಇದು ಹೊಂದುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 61–63 ಎಂದು ಬರೆದಿದ್ದರೆ ಹದ ಸರಿಯಿದೆ ಎಂದರ್ಥ. ಗಡಸುತನವನ್ನೇ ಹೇಳದ ಮಾರಾಟಗಾರರ ಬಳಿ ಉಕ್ಕಿನ ಹೆಸರಿಗೆ ದುಡ್ಡು ಕೊಡಬೇಡಿ.

## ಹಂತ 5: ಹಿಡಿ

ಹಗುರ ಮಾಡುವ ಭರದಲ್ಲಿ ಹಿಡಿಯ ಉಕ್ಕಿನಲ್ಲಿ ತೂತು ಕೊರೆದು, ಮೇಲೆ ಏನೂ ಹೊದಿಸದೆ ಬಿಡುವ ಮಾದರಿಗಳಿವೆ. 15–20 ಗ್ರಾಂ ಉಳಿಯುತ್ತದೆ, ನಿಜ. ಆದರೆ ತೆಳುವಾದ ಆ ಪಟ್ಟಿಯನ್ನು ಕೊಬ್ಬು ಮೆತ್ತಿದ ಕೈಯಲ್ಲಿ ಮೂರು ಗಂಟೆ ಬಿಗಿ ಹಿಡಿದರೆ ಅಂಗೈ ಮರಗಟ್ಟುತ್ತದೆ. ಅಕ್ಟೋಬರಿನ ರಾತ್ರಿ ಸೊನ್ನೆಗಿಂತ ಕೆಳಗಿಳಿದರೆ ಬರಿಯ ಉಕ್ಕು ಬೆರಳಿನ ಬಿಸಿ ಹೀರುತ್ತದೆ, ಬೆರಳು ಜೋಮು ಹಿಡಿದಾಗಲೇ ಕೈ ಕೊಯ್ದುಕೊಳ್ಳುವುದು. ಹಗ್ಗ ಸುತ್ತಿದ ಹಿಡಿ ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ. ಆಮೇಲೆ ರಕ್ತ, ಕೊಬ್ಬು ಕುಡಿದು ಜಾರುತ್ತದೆ, ತೊಳೆಯಲು ಪೂರ್ತಿ ಬಿಚ್ಚಬೇಕು.

ಕನಿಷ್ಠ 100 ಮಿ.ಮೀ. ಉದ್ದ, ನಾಲ್ಕೂ ಬೆರಳು ಕೂರಬೇಕು. ದಪ್ಪ 10–13 ಮಿ.ಮೀ. ಜಿ10 (ಗಾಜಿನ ನಾರು ಮತ್ತು ರಾಳದ ಗಟ್ಟಿ ಹಲಗೆ) ಅಥವಾ ಒರಟು ಕಾರ್ಬನ್ ಫೈಬರ್ ಹೊದಿಕೆ ಒಳ್ಳೆಯದು. ಅಲಗು ಶುರುವಾಗುವಲ್ಲಿ ತೋರುಬೆರಳು ಮುಂದಕ್ಕೆ ಜಾರದಂತೆ ಸ್ಪಷ್ಟವಾದ ತಡೆ ಇರಲೇಬೇಕು. ಬಣ್ಣ ಕಡುಕಿತ್ತಳೆಯಾಗಲಿ. ಕಂದು, ಹಸಿರು ಹಿಡಿಯ ಚಾಕುವನ್ನು ಒಣಗಿದ ಆಸ್ಪೆನ್ ಎಲೆಗಳ ಮೇಲೆ ಒಂದು ನಿಮಿಷ ಕೆಳಗಿಟ್ಟು ನೋಡಿ, ಸಿಗುವುದಿಲ್ಲ. ಕಾಲಿಟ್ಟಾಗ ಸಿಗುತ್ತದೆ.

ಮಡಿಸುವ ಚಾಕು ಜೇಬಿಗೆ ಸುಖ. ಅದರ ಕೀಲಿನೊಳಗೆ ಕೊಬ್ಬು, ಕೂದಲು ಹೊಕ್ಕರೆ ಬೀಗ ಪೂರ್ತಿ ಕೂರುವುದಿಲ್ಲ. ಒತ್ತಿದಾಗ ಅಲಗು ಬೆರಳ ಮೇಲೆ ಮಡಚಬಹುದು. ದೊಡ್ಡ ಪ್ರಾಣಿಗೆ ಗಟ್ಟಿ ಚಾಕುವೇ ಸರಿ.

## ಅಲಗು ಬದಲಿಸುವ ಚಾಕು ಬೇಕೇ?

ಹ್ಯಾವಲಾನ್ ಪಿರಾಂಟಾದಂಥ, ಶಸ್ತ್ರಚಿಕಿತ್ಸೆಯ ಮಾದರಿಯ ಅಲಗು ಸಿಕ್ಕಿಸುವ ಚಾಕುಗಳು ಹಗುರ ಸಾಮಾನಿನವರ ಅಚ್ಚುಮೆಚ್ಚು. ಹಿಡಿ 70 ಗ್ರಾಂ ಆಸುಪಾಸು, 70 ಮಿ.ಮೀ.ನ ಅಲಗುಗಳು ತಲಾ ಕೆಲವೇ ಗ್ರಾಂ. ಮಸೆಯುವ ಪ್ರಶ್ನೆಯೇ ಇಲ್ಲ. ಸುಲಿಯುವುದರಲ್ಲಿ, ತಲೆಯ ಚರ್ಮವನ್ನು ಕಣ್ಣು, ತುಟಿ, ಕಿವಿಯ ಸುತ್ತ ಬಿಡಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ತೊಂದರೆ ಇರುವುದು ಎರಡು ಕಡೆ. ಅಲಗು ಒಂದು ಮಿಲಿಮೀಟರಿಗಿಂತ ತೆಳು, ಪಕ್ಕದ ಒತ್ತಡ ತಡೆಯುವುದಿಲ್ಲ. ಹಿಂದೊಡೆಯ ಕೀಲಿಗೆ ತೂರಿಸಿ ತುಸು ತಿರುಚಿದರೆ ಮುರಿಯುತ್ತದೆ. ಮುರಿದ ತುಂಡು ಎಲ್ಲಿ ಹೋಯಿತು ಎಂದು ಆ ಕ್ಷಣವೇ ಹುಡುಕಿ ತೆಗೆಯಬೇಕು, ಇಲ್ಲವಾದರೆ ತಿಂಗಳುಗಳ ಮೇಲೆ ಕೈಮಾದಲ್ಲಿ ಸಿಕ್ಕೀತು. ಎರಡನೆಯದು ಬದಲಿಸುವ ಗಳಿಗೆ. ಜಾರುವ ಬೆರಳಿನಲ್ಲಿ ಹಳೆಯ ಅಲಗನ್ನು ಕೀಳಲು ಹೋಗಿ ಕೈ ಕೊಯ್ದುಕೊಂಡವರು ಬಹಳ. ಬೆರಳಲ್ಲಿ ಕೀಳಬೇಡಿ, ಸಣ್ಣ ಇಕ್ಕಳದಲ್ಲಿ ಅಲಗಿನ ಹಿಂತುದಿಯನ್ನು ಎತ್ತಿ, ನಿಮ್ಮಿಂದ ದೂರಕ್ಕೆ ತಳ್ಳಿ. ಹಳೆಯ ಅಲಗು ಹಾಕಲು ಮುಚ್ಚಳವಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರಲಿ.

ಒಂದೇ ಚಾಕು ಒಯ್ಯುವುದಾದರೆ ಇದು ಬೇಡ. ಎರಡರಲ್ಲಿ ಒಂದಾಗಿ, ಎಲ್ಕ್ ಒಂದಕ್ಕೆ ಆರು ಅಲಗಿನ ಲೆಕ್ಕದಲ್ಲಿ, ಸುಲಿಯುವುದಕ್ಕೆ ಮಾತ್ರ ಇಟ್ಟುಕೊಂಡರೆ ಉಪಕಾರಿ. ಔಟ್‌ಡೋರ್ ಎಡ್ಜ್‌ನ ರೇಜರ್‌ಲೈಟ್ ಬಗೆಯವುಗಳಲ್ಲಿ ಅಲಗಿನ ಬೆನ್ನಿಗೆ ಲೋಹದ ಆಸರೆ ಇರುತ್ತದೆ. ಮುರಿಯುವುದು ಕಡಿಮೆ, ನಾಜೂಕೂ ಕಡಿಮೆ.

## ಹಂತ 6: ಹೊರಡುವ ಮೊದಲು ಮನೆಯಲ್ಲಿ ಪರೀಕ್ಷೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮೊದಲ ಪರೀಕ್ಷೆ ಮುಗಿಸಿ.

ದಪ್ಪ ಗಜ್ಜರಿಯನ್ನು ಮಣೆಯ ಮೇಲಿಟ್ಟು ಅಡ್ಡಲಾಗಿ ಹೆಚ್ಚಿ. ಅಲಗು ಅರ್ಧ ಇಳಿಯುವಷ್ಟರಲ್ಲಿ ಗಜ್ಜರಿ ಟಕ್ಕೆಂದು ಸೀಳಿ ಬಿದ್ದರೆ ಅಂಚಿನ ಹಿಂಭಾಗ ದಪ್ಪ. ಸದ್ದಿಲ್ಲದೆ ಕೆಳಗಿನವರೆಗೆ ಇಳಿದು ಎರಡೂ ಮುಖ ನುಣ್ಣಗೆ ಬಂದರೆ ಅಲಗು ತೆಳುವಾಗಿದೆ.

ಹಿಡಿಯ ಪರೀಕ್ಷೆಗೆ ಬಕೆಟ್ಟಿನಲ್ಲಿ ಐಸು ನೀರು ಇಟ್ಟು ಎರಡು ನಿಮಿಷ ಕೈ ಅದ್ದಿ. ಒರೆಸಿಕೊಳ್ಳದೆ ಅಂಗೈಗೆ ಒಂದು ಚಮಚ ಅಡುಗೆ ಎಣ್ಣೆ ಸವರಿ. ಚಾಕುವನ್ನು ಒರೆಯಲ್ಲೇ ಬಿಟ್ಟು, ಒರೆಯನ್ನು ಗಟ್ಟಿಯಾಗಿ ಕಟ್ಟಿ, ಹಿಡಿ ಹಿಡಿದು ಮುಂದಕ್ಕೆ ಒತ್ತಿ, ಹಿಂದಕ್ಕೆ ಎಳೆಯಿರಿ. ಬೆರಳು ಅಲಗಿನ ಕಡೆಗೆ ಸರಿಯಿತೋ, ಆ ಚಾಕು ಅಡುಗೆಮನೆಗೆ ಸರಿ.

ಕೊನೆಯದು ನಿಜವಾದ ಕೆಲಸ. ಹಲಾಲ್ ಅಂಗಡಿಯಲ್ಲಿ ಮೂಳೆ ಸಮೇತ ಇಡೀ ಆಡಿನ ತೊಡೆ ಕೇಳಿ, ತುಂಡು ಮಾಡಿಸಬೇಡಿ. ಮೇಲಿನ ಕೀಲಿನಿಂದ ಶುರುಮಾಡಿ ಮೂಳೆಯ ಗುಂಟ ಮೊನೆ ಓಡಿಸಿ ಬಿಡಿಸಿ. ಮೂಳೆಯ ಮೇಲೆ ಮಾಂಸ ಉಳಿದಷ್ಟೂ ಮೊನೆ ದಪ್ಪ ಅಥವಾ ಅಲಗು ಅಗಲ ಎಂದು ಲೆಕ್ಕ. ಮುಗಿದ ಮೇಲೆ ಅಂಗೈ ನೋಡಿಕೊಳ್ಳಿ. ಹದಿನೈದು ನಿಮಿಷಕ್ಕೇ ಕೆಂಪು ಗೆರೆ ಮೂಡಿದ್ದರೆ ಮೂರು ಗಂಟೆಗೆ ಬೊಬ್ಬೆ ಖಚಿತ. ಅದೇ ಚಾಕುವನ್ನು ನಿಮ್ಮ ಸಿರಾಮಿಕ್ ಕಡ್ಡಿಯಲ್ಲಿ ಮತ್ತೆ ಕಾಗದ ಸೀಳುವ ಹದಕ್ಕೆ ತರಲು ಆಗುತ್ತದೆಯೇ ನೋಡಿ. ಮನೆಯ ಬೆಳಕಲ್ಲಿ ಬಾರದ ಮಸೆತ ಬೆಟ್ಟದ ಮೇಲೆ ಬರುವುದಿಲ್ಲ.

## ಹಂತ 7: ಬಳಸುವಾಗ

ಮೊಂಡಾಗುವವರೆಗೆ ಕಾಯಬೇಡಿ. ಒಂದೊಂದು ಕಾಲು ಬಿಡಿಸಿದ ಮೇಲೂ ಅಲಗಿನ ಕೊಬ್ಬು ಒರೆಸಿ, ಕಡ್ಡಿಯ ಮೇಲೆ ಒಂದೊಂದು ಬದಿಗೆ ಐದಾರು ಹಗುರ ಎಳೆತ ಕೊಡಿ. ಕೊಬ್ಬು ಒರೆಸದೆ ಎಳೆದರೆ ಕಡ್ಡಿ ನುಣುಪಾಗಿ ಬರೀ ಜಾರುತ್ತದೆ. ಚಾಕು ಕೆಳಗಿಡುವಾಗ ಪ್ರತಿ ಸಲವೂ ಒಂದೇ ಜಾಗ, ಇಲ್ಲವೇ ಒರೆ. ಇಬ್ಬರಿದ್ದರೆ ಒಬ್ಬರು ಕಾಲು ಹಿಡಿಯಲಿ, ಒಬ್ಬರು ಕೊಯ್ಯಲಿ. ಎದುರೆದುರು ಕೂತು ಇಬ್ಬರೂ ಕೊಯ್ಯುವುದು ಬೇಡ. ಅಲಗು ನಿಮ್ಮ ತೊಡೆಯ ಕಡೆಗೆ ಬರುವ ಎಳೆತವನ್ನು ಪೂರ್ತಿ ಬಿಟ್ಟುಬಿಡಿ. ತೊಡೆಯ ಅಪಧಮನಿ ಕೊಯ್ದರೆ ಹತ್ತು ಕಿಲೋಮೀಟರ್ ದೂರದ ಗಾಡಿ ಲೆಕ್ಕಕ್ಕಿಲ್ಲ. ಚಾಕುವಿನಲ್ಲಿ ಉಳಿಸಿದ ಗ್ರಾಂಗಳನ್ನು ರಕ್ತ ನಿಲ್ಲಿಸಲು ಬಿಗಿಯುವ ಒಂದು ಟೂರ್ನಿಕೆಟ್ ಪಟ್ಟಿಗೆ ಖರ್ಚು ಮಾಡಿ, ಅದನ್ನು ಚೀಲದ ಹೊರ ಜೇಬಿನಲ್ಲಿಡಿ.

## ಹಂತ 8: ತೊಳೆಯುವುದು

1967ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಗುರುತಿಸಿದ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಜಿಂಕೆ ಬಳಗದ ಮಾರಕ ರೋಗ ಈಗ ಎಲ್ಕ್ ಇರುವ ಹಲವು ರಾಜ್ಯಗಳಲ್ಲಿದೆ. ಮನುಷ್ಯರಿಗೆ ತಗಲಿದ್ದು ದೃಢಪಟ್ಟಿಲ್ಲ. ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಎಂದೇ ಅಲ್ಲಿನ ಆರೋಗ್ಯ ಇಲಾಖೆಗಳ ಸಲಹೆ. ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ, ಮಿದುಳು ಮತ್ತು ಬೆನ್ನುಹುರಿಯಲ್ಲಿ ಹೆಚ್ಚಾಗಿರುತ್ತದೆ. ಆದ್ದರಿಂದ ಮಾಂಸದ ಚಾಕುವನ್ನು ಅತ್ತ ಒಯ್ಯಬೇಡಿ.

ಮನೆಗೆ ಬಂದ ಮೇಲೆ ಸೋಪು ನೀರಿನಲ್ಲಿ ಹಿಡಿಯ ಸಂದು, ತೂತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಮಾಂಸದ ಚೂರು ಉಳಿದರೆ ಬ್ಲೀಚು ಅದರೊಳಗೆ ಇಳಿಯುವುದಿಲ್ಲ. ಆಮೇಲೆ ಮನೆಬಳಕೆಯ ಬ್ಲೀಚು 2 ಪಾಲು, ನೀರು 3 ಪಾಲು ಬೆರೆಸಿ ಅಲಗನ್ನು 5 ನಿಮಿಷ ಅದ್ದಿಡಿ. ಶೇ. 40ರ ಈ ದ್ರಾವಣ ಉಕ್ಕಿನ ಮೇಲ್ಮೈಯ ಪ್ರಿಯಾನ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು 2019ರ ಸಂಶೋಧನೆ ತೋರಿಸಿದೆ. ಕಿಟಕಿ ತೆರೆದಿರಲಿ, ಗ್ಲೌಸು ಹಾಕಿಕೊಳ್ಳಿ, ವಿನೆಗರ್ ಅಥವಾ ಅಮೋನಿಯ ಇರುವ ಯಾವುದನ್ನೂ ಬೆರೆಸಬೇಡಿ. 52100ರಂಥ ಉಕ್ಕು ಈ ಐದು ನಿಮಿಷದಲ್ಲೇ ಕಲೆಗಟ್ಟುತ್ತದೆ, ಸ್ಟೇನ್‌ಲೆಸ್ ಆರಿಸಲು ಇದೂ ಒಂದು ಕಾರಣ. ಸ್ಟೇನ್‌ಲೆಸ್ ಎಂದು ಅರ್ಧ ಗಂಟೆ ಮರೆತರೆ ಅದರಲ್ಲೂ ಸಣ್ಣ ಗುಳಿ ಬೀಳುತ್ತದೆ. ಧಾರಾಳ ನೀರಿನಲ್ಲಿ ತೊಳೆದು, ಒಣಗಿಸಿ, ತಿನ್ನಲು ಯೋಗ್ಯವಾದ ಮಿನರಲ್ ಎಣ್ಣೆಯ ಒಂದು ಹನಿ ಸವರಿ, ಒರೆಯಿಂದ ಹೊರಗೇ ಇಡಿ.

ವಿಮಾನದಲ್ಲಿ ಹೋಗುವುದಿದ್ದರೆ ಚಾಕು, ಬದಲಿ ಅಲಗು ಎರಡೂ ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು, ತಪಾಸಣೆ ಮಾಡುವವರ ಕೈಗೆ ತಾಗದಂತೆ ಒರೆಯಲ್ಲಿ ಸುತ್ತಿರಬೇಕು. ಕೈಚೀಲದ ಮೂಲೆಯಲ್ಲಿ ಮರೆತ ಒಂದೇ ಒಂದು ಬದಲಿ ಅಲಗನ್ನೂ ಸ್ಕ್ಯಾನರ್ ಬಿಡುವುದಿಲ್ಲ.